ಅಬ್ಬಿ ಮೇಲಿನ ಮರಗಸಿ

ಪೈಪಿನ ಬಾಯಿಗೆ ಎಲೆ ಸಿಕ್ಕಿಕೊಂಡರೆ ಗುಡ್ಡ ಹತ್ತಬೇಕಾದವನು ನಾನು. ಹಾಗಂತ ಯಾರೂ ಬರೆದಿಟ್ಟಿಲ್ಲ. ನೀರು ಹಂಚಿಕೊಳ್ಳುವ ನಾಲ್ಕು ಮನೆಗಳಲ್ಲಿ ನಮ್ಮದು ಎಲ್ಲಕ್ಕಿಂತ ಮೇಲಿದೆ, ಅಬ್ಬಿಗೆ ಹತ್ತಿರ, ಅಷ್ಟೇ ಕಾರಣ. ಅಬ್ಬಿ ಅಂದರೆ ಫೋಟೊ ತೆಗೆಯುವಂಥ ಜಲಪಾತವಲ್ಲ. ಅಡ್ಡಗದ್ದೆಯಿಂದ ತಲೆ ಎತ್ತಿದರೆ ಕಾಣುವ ಗುಡ್ಡಸಾಲಿನಲ್ಲಿ ಒಂದರ ನೆತ್ತಿಯ ಕೆಳಗೆ, ಕಾನಿನೊಳಗೆ, ಬಂಡೆಯ ಬಿರುಕಿನಿಂದ ಇಳಿಯುವ ನೀರು. ಅಜ್ಜನ ಕಾಲದಲ್ಲಿ ಅದು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಬರುತ್ತಿತ್ತಂತೆ. ಈಗ ಕಪ್ಪು ಪೈಪು. ಕರೆಂಟು ಇರಲಿ ಹೋಗಲಿ, ಮೋಟಾರಿನ ಹಂಗಿಲ್ಲದೆ ಟ್ಯಾಂಕಿಗೆ ಬೀಳುತ್ತದೆ.

ಅಬ್ಬಿಯ ಸುತ್ತಲಿನ ಕಾನು ಕೆಳಗಿನ ಕಾಡಿನ ಹಾಗಲ್ಲ. ಮರಗಳು ಎತ್ತರಕ್ಕೆ ಹೋಗುವುದಿಲ್ಲ. ಗಾಳಿಗೆ ಬಗ್ಗಿ, ಒಂದಕ್ಕೊಂದು ಹೆಗಲು ಕೊಟ್ಟು ನಿಂತಿರುತ್ತವೆ. ಕೊಂಬೆ ಕಾಣದಷ್ಟು ಹಾವಸೆ, ಅಂದರೆ ಪಾಚಿ, ಅದರೊಳಗೆ ಜರಿಗಿಡ, ಅಲ್ಲಲ್ಲಿ ಸೀತಾಳೆ ದಂಡೆಯ ಹೂಗೊಂಚಲು. ಅರಣ್ಯ ಇಲಾಖೆಯವರು ಅದನ್ನು ಶೋಲಾ ಎನ್ನುತ್ತಾರೆ. ನಾವು ಕಾನು ಎನ್ನುತ್ತೇವೆ, ಹೆಚ್ಚಿಗೆ ಏನೂ ಎನ್ನುವುದಿಲ್ಲ. ಅಬ್ಬಿಗೆ ತಾಗಿದ ಅಂಚು ನಮ್ಮ ಮನೆಯ ಸೊಪ್ಪಿನ ಬೆಟ್ಟಕ್ಕೆ ಸೇರಿದ್ದು. ಗೊಬ್ಬರಕ್ಕೆ ಸೊಪ್ಪು ಕಡಿಯುವ ಹಕ್ಕು ಅಜ್ಜನ ಕಾಲದಿಂದ ಇದೆ. ಆದರೆ ಅಜ್ಜನಾಗಲಿ ಅಪ್ಪನಾಗಲಿ ಅಷ್ಟು ಮೇಲಕ್ಕೆ ಹೋಗಿ ಕತ್ತಿ ಎತ್ತಿದ್ದು ನಾನು ನೋಡಿಲ್ಲ. ಸೋಮಾರಿತನವಿರಬೇಕು ಎಂದುಕೊಂಡಿದ್ದೆ.

ನನ್ನ ಚಿಂತೆಗಳ ಬಗ್ಗೆ ಮನೆಯಲ್ಲಿ ಯಾರಿಗೂ ಗೌರವವಿಲ್ಲ. ಜಡಿಮಳೆಯಲ್ಲಿ ಟ್ಯಾಂಕಿಗೆ ನೀರು ಬೀಳುವ ಸದ್ದು ಸ್ವಲ್ಪ ತಗ್ಗಿದರೂ ನಾನು ಊಟದಿಂದ ಎದ್ದು ಕಿವಿಗೊಡುತ್ತೇನೆ. ಎಲೆ ಸಿಕ್ಕಿತೋ, ಪೈಪು ಜಾರಿತೋ, ಮರ ಬಿದ್ದು ಅಬ್ಬಿಯ ನೀರು ನಿಲ್ಲಿಸುವ ಕಟ್ಟೆಯೇ ಒಡೆಯಿತೋ. ಹೆಂಡತಿ ಒಮ್ಮೆ ಹೇಳಿದಳು, "ಆ ಪೈಪಿಗೆ ಹಾಕಿದ ಜಾಲರಿ ನಿಮ್ಮ ತಲೆಗೂ ಒಂದು ಹಾಕಿಸ್ಕೊಳ್ಳಿ. ಬಂದದ್ದೆಲ್ಲ ಒಳಗೆ ಹೋಗ್ತದೆ." ಆದರೆ ಕಾಲಿಗೆ ಸುಣ್ಣ, ಹೊಗೆಸೊಪ್ಪು ಬಳಿದುಕೊಂಡು ರಕ್ತ ಹೀರುವ ಇಂಬಳಗಳ ನಡುವೆ ಗುಡ್ಡ ಹತ್ತಿ, ಪೈಪಿನ ಬಾಯಿಂದ ಒಂದು ಅಂಗೈ ಅಗಲದ ಎಲೆ ಕಿತ್ತು, ಮತ್ತೆ ಇಳಿದು ಬರುವವನು ನಾನು. ಒಂದು ಮಳೆಗಾಲದಲ್ಲಿ ಹಾಗೆ ಹತ್ತಿ ಇಳಿದು ಹತ್ತಿ ಇಳಿದು, ಇದಕ್ಕೊಂದು ಶಾಶ್ವತ ಪರಿಹಾರ ಮಾಡಬೇಕೆಂದು ತೀರ್ಮಾನಿಸಿದೆ. ನಾನು ಶಾಶ್ವತ ಪರಿಹಾರ ಎಂಬ ಮಾತು ಆಡಿದಾಗೆಲ್ಲ ಮನೆಯವರು ಗಾಬರಿಯಾಗುತ್ತಾರೆ. ಆ ಸಲ ನಾನು ಯಾರಿಗೂ ಹೇಳಲಿಲ್ಲ.

ಹೋದ ವರ್ಷಕ್ಕೆ ಹಿಂದಿನ ವರ್ಷದ ಮೇ ತಿಂಗಳು. ಕಾಫಿ ತೋಟದಲ್ಲಿ ಮರಗಸಿ ನಡೆದಿತ್ತು. ಮಳೆಗಾಲಕ್ಕೆ ಮುಂಚೆ ಗಿಡಕ್ಕೆ ಬೆಳಕು ಬೀಳಲೆಂದು ನೆರಳಿನ ಮರಗಳ ಕೊಂಬೆ ಸವರುವ ಕೆಲಸ ಅದು. ನಮ್ಮ ಕಡೆ ಮರ ಹತ್ತುವವರಲ್ಲಿ ಉಳಿದಿರುವವರು ಒಬ್ಬರೇ, ನನಗಿಂತ ಎಂಟು ವರ್ಷ ದೊಡ್ಡವರು. ಅಬ್ಬಿಯ ನಾಲ್ಕು ಪಾಲಿನಲ್ಲಿ ಒಂದು ಅವರ ಮನೆಯದು. ತೋಟದ ಕೆಲಸ ಮುಗಿದ ದಿನ ಅವರನ್ನು ಹಾಗೇ ಮೇಲಕ್ಕೆ ಕರೆದುಕೊಂಡು ಹೋದೆ. ಅಬ್ಬಿಯ ಮೇಲೆ ಬಾಗಿದ ಮರಗಳನ್ನು ತೋರಿಸಿದೆ.

"ಇಲ್ಲಿ ಎಂತಕ್ಕೆ ಕತ್ತಿ?" ಎಂದರು.

"ಎಲೆ ಬೀಳ್ತದಲ್ಲ."

"ಕಾನಲ್ಲಿ ಎಲೆ ಬೀಳದೆ ಮತ್ತೆ ಹೋಳಿಗೆ ಬೀಳ್ತದಾ ಮಾರಾಯ್ರೆ?"

"ಎಲೆ ಒಂದೇ ಅಲ್ಲ. ಮರ ಬಿದ್ರೆ ಕಟ್ಟೆ ಒಡೆದು ಹೋಗ್ತದೆ."

"ನನ್ನ ಅಜ್ಜನ ಕಾಲದಿಂದ ಬಿದ್ದಿಲ್ಲ."

"ಅದೇ ಹೇಳೋದು. ಬೀಳುವ ಹೊತ್ತಾಯ್ತು."

ಈ ತರ್ಕಕ್ಕೆ ಉತ್ತರ ಕೊಡಬಲ್ಲವರು ಯಾರೂ ಇಲ್ಲ. ಅವರು ಬೀಡಿ ಮುಗಿಸಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು, "ತೋಟಕ್ಕೆ ಮರಗಸಿ ಸರಿ. ಇದು ತೋಟ ಅಲ್ಲ," ಎಂದರು. ಒಂದೇ ಸಲ ಹೇಳಿದರು. ಆಮೇಲೆ ಹತ್ತಿದರು.

ಅಬ್ಬಿಯ ತಲೆಯ ಮೇಲಿದ್ದ ನೇರಳೆ, ರಾಮಪತ್ರೆ, ಹೆಸರು ಗೊತ್ತಿಲ್ಲದ ಇನ್ನಷ್ಟು ಮರಗಳ ಕೊಂಬೆಗಳೆಲ್ಲ ಸಂಜೆಯೊಳಗೆ ನೆಲಕ್ಕೆ ಬಂದವು. ಬುಡ ಕಡಿಯಲಿಲ್ಲ, ಬರೀ ತಲೆ ಬೋಳಿಸಿದೆವು. ಕೊಂಬೆಯ ಜೊತೆ ಹಾವಸೆಯೂ ಬಿತ್ತು, ನೆನೆದ ಕಂಬಳಿ ಬಿದ್ದ ಹಾಗೆ ಧೊಪ್ಪೆಂದು. ಒಂದು ಹಿಡಿ ಎತ್ತಿದೆ. ಹಿಂಡಿದ ಬಟ್ಟೆಯಿಂದ ಇಳಿಯುವ ಹಾಗೆ ನೀರು ಮೊಣಕೈವರೆಗೆ ಇಳಿಯಿತು. ಬೇಸಿಗೆ ಮಳೆ ಬಂದು ಹೋಗಿ ವಾರದ ಮೇಲಾಗಿತ್ತು. ಈ ನೀರು ಎಲ್ಲಿಂದ ಬಂತು ಎಂದು ಆಗ ಕೇಳಿಕೊಳ್ಳಬೇಕಿತ್ತು. ನಾನು ಕೇಳಿಕೊಂಡದ್ದು, ತೋಳು ಒದ್ದೆಯಾಯಿತಲ್ಲ, ನೆಗಡಿಯಾದರೆ ಏನು ಗತಿ ಎಂದು.

ಕಟ್ಟೆಯ ಮೇಲೆ ಬಿಸಿಲು ಬಿತ್ತು. ಬಹಳ ಚಂದ ಕಂಡಿತು. ಆ ಮಳೆಗಾಲ ಪೈಪಿಗೆ ಒಂದು ಎಲೆಯೂ ಸಿಕ್ಕಲಿಲ್ಲ, ನಾನು ಒಂದು ಸಲವೂ ಹತ್ತಲಿಲ್ಲ. ಈಗಿನ ಮಳೆಯ ಸ್ವಭಾವ ಎಲ್ಲರಿಗೂ ಗೊತ್ತಿದೆ. ನಾಲ್ಕು ತಿಂಗಳು ಹಂಚಿ ಬರುತ್ತಿದ್ದದ್ದು ಕೆಲವೇ ದಿನ ಗಂಟು ಬಿಚ್ಚಿದ ಹಾಗೆ ಸುರಿದು, ಆಮೇಲೆ ಕೇಳಿದರೆ ನಾನವನಲ್ಲ ಎನ್ನುತ್ತದೆ. ಆದರೂ ಅಬ್ಬಿ ತುಂಬಿ ಹರಿಯಿತು. ನನ್ನ ಬುದ್ಧಿವಂತಿಕೆಯನ್ನು ನಾನೇ ಹೊಗಳಿಕೊಂಡೆ, ಬೇರೆ ಯಾರೂ ಹೊಗಳುವ ಲಕ್ಷಣ ಕಾಣದ್ದರಿಂದ.

ನಾಲ್ಕು ಮನೆಗಳಲ್ಲಿ ಎಲ್ಲಕ್ಕಿಂತ ಕೆಳಗಿನದು ಒಬ್ಬ ನಿವೃತ್ತ ಟೀಚರರದು. ಎನ್.ಆರ್.ಪುರದ ಕಡೆಯವರು, ಕೊಪ್ಪದಲ್ಲಿ ಬಹಳ ವರ್ಷ ಕಲಿಸಿ, ಕೆಲಸ ಮುಗಿಯುವ ಹೊತ್ತಿಗೆ ಈ ಜಾಗ ಕೊಂಡು ಬಂದರು. ಬಂದು ಹದಿನಾಲ್ಕು ವರ್ಷವಾಯಿತು, ನಮ್ಮ ಪಾಲಿಗೆ ಇನ್ನೂ ಹೊಸಬರು. ಬೇಸಿಗೆಯ ಪಾಳಿಯಲ್ಲಿ ಅವರಿಗೆ ನೀರು ಕೊನೆಗೆ ಸಿಗುತ್ತಿತ್ತು, ಒಮ್ಮೊಮ್ಮೆ ಸಿಗುತ್ತಲೂ ಇರಲಿಲ್ಲ. ಹೋದ ವರ್ಷದ ಫೆಬ್ರವರಿಯಲ್ಲಿ ಅವರು ಮನೆಯ ಹಿಂದೆ ಬೋರ್ ಹೊಡೆಸಿದರು. ಲಾರಿಯ ಸದ್ದು ಎರಡು ದಿನ ಗುಡ್ಡಕ್ಕೆಲ್ಲ ಕೇಳಿತು. ಮಾರ್ಚ್ ಹೊತ್ತಿಗೆ ಅಬ್ಬಿಯ ನೀರು ಬೆರಳು ಗಾತ್ರಕ್ಕೆ ಬಂತು, ಏಪ್ರಿಲ್‌ನಲ್ಲಿ ನೂಲಿನಷ್ಟು.

ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕೆ? ಮೂರನೆಯ ಮನೆ ನನ್ನ ಚಿಕ್ಕಪ್ಪನ ಮಗನದು, ನನಗೆ ತಮ್ಮನಾಗಬೇಕು. ಬಾಯಿ ಜೋರು, ಕೈಯೂ ಅಷ್ಟೇ ಉದಾರ. ಅಡಿಕೆಗೆ ಎಲೆಚುಕ್ಕಿ ಬಿದ್ದ ಮೇಲೆ ಅವನಿಗೆ ಯಾರ ಮೇಲಾದರೂ ಸಿಟ್ಟು ಬೇಕಾಗಿತ್ತು. ರೋಗದ ಮೇಲೆ ಎಷ್ಟು ದಿನ ಕೂಗಾಡಲು ಸಾಧ್ಯ? ಕಮ್ಮರಡಿಯ ಅಂಗಡಿ ಮುಂದೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ, "ಅವ್ರು ಕೆಳಗಿಂದ ಎಳೆದ್ರೆ ಮೇಲಿಂದ ಎಂತ ಬರ್ತದೆ ಮಣ್ಣು!"

ನಾನು ಸುಮ್ಮನಿದ್ದಿದ್ದರೆ ಸಾಕಿತ್ತು. ಆದರೆ ನಾಲ್ಕು ಪುಸ್ತಕ ಓದಿದವನೆಂದು ಜನ ನನ್ನ ಮುಖ ನೋಡಿದರು. ಕಟ್ಟು ಬಿಚ್ಚಿದ ಪೇಪರಿನ ಮೇಲೆ ಪೆನ್ನಿನಿಂದ ಗುಡ್ಡ ಬರೆದೆ, ಗುಡ್ಡದೊಳಗೆ ಪದರ ಬರೆದೆ. ಅಂತರ್ಜಲ ಅಂದರೆ ಒಂದೇ ಕಂಬಳಿ ಇದ್ದ ಹಾಗೆ, ಆ ತುದಿಯವನು ಎಳೆದರೆ ಈ ತುದಿಯವನ ಕಾಲು ಬರಿದಾಗುತ್ತದೆ ಎಂದೆ. ಎಲ್ಲರೂ ತಲೆದೂಗಿದರು. ಅಷ್ಟು ಜನ ನನಗೆ ತಲೆದೂಗಿದ್ದು ಅದೇ ಮೊದಲು. ವಾರದೊಳಗೆ ನನ್ನ ಕಂಬಳಿ ಶೃಂಗೇರಿಯ ಬಸ್ಸಿನಲ್ಲಿ ನನಗೇ ವಾಪಸು ಸಿಕ್ಕಿತು. ಹಿಂದಿನ ಸೀಟಿನವರು ಯಾರಿಗೋ ವಿವರಿಸುತ್ತಿದ್ದರು. ಆ ಬೇಸಿಗೆ ಟೀಚರ್ ನಮ್ಮ ಗೇಟಿನ ಮುಂದೆ ಹಾದು ಹೋಗುವಾಗ ನಾನು ಕಾಫಿ ಗಿಡದ ಎಲೆ ಮಗುಚಿ ಹುಳ ಹುಡುಕುತ್ತಿದ್ದೆ. ಹುಳ ಇರಲಿಲ್ಲ.

ನನಗೆ ಗೊತ್ತೇ ಇರಲಿಲ್ಲವೆ? ಏಪ್ರಿಲ್‌ನಲ್ಲಿ ಕಟ್ಟೆ ನೋಡಲು ಹೋದಾಗ ಬಂಡೆ ಬೆಚ್ಚಗಿತ್ತು. ಆ ಬಂಡೆಯನ್ನು ನಾನು ಚಿಕ್ಕಂದಿನಿಂದ ಮುಟ್ಟಿದವನು, ಅದು ಬೆಚ್ಚಗಿದ್ದದ್ದು ನೆನಪಿಲ್ಲ. ಮನಸ್ಸಿನ ಒಂದು ಮೂಲೆಗೆ ಅದು ಹೋಗಿ ಕೂತಿತು. ಉಳಿದ ಮನಸ್ಸು ಬೇರೆ ಕಾರಣ ಹುಡುಕಿತು, ಸಿಕ್ಕಿತು ಕೂಡ. ಮೊದಲೆಲ್ಲ ಮಂಜು ನಮ್ಮ ಅಂಗಳದವರೆಗೆ ಇಳಿದು ಕಾಫಿ ತಿಂಡಿ ಮುಗಿದರೂ ಹೋಗುತ್ತಿರಲಿಲ್ಲ. ಈಗ ಗುಡ್ಡದ ನೆತ್ತಿಯಲ್ಲೇ ಮುಖ ತೋರಿಸಿ ಹೋಗುತ್ತದೆ. ಭೂಮಿಗೇ ಜ್ವರ ಬಂದಿರುವಾಗ ನನ್ನ ಹತ್ತಾರು ಕೊಂಬೆಗಳದ್ದೇನು ಮಹಾ? ಸುಳ್ಳಲ್ಲ ಇದು. ಆದರೆ ಸತ್ಯವನ್ನೂ ಅಡಗಿಕೊಳ್ಳಲು ಬಳಸಬಹುದು ಎಂದು ನನಗೆ ಆಗ ತಿಳಿಯಿತು.

ಮಳೆಗಾಲ ಬಂದು ಹೋಯಿತು. ಜಗಳ ಮಾತ್ರ ಹೋಗಲಿಲ್ಲ. ಪ್ರತಿ ವರ್ಷ ಶಿವರಾತ್ರಿ ಕಳೆದ ಭಾನುವಾರ ಮನೆಗೊಬ್ಬರಂತೆ ಅಬ್ಬಿಗೆ ಹೋಗಿ, ಕಟ್ಟೆಯ ಹೂಳು ತೆಗೆದು, ಕಾನು ಕಾಯುವ ದೇವತೆ ಚೌಡಿಯ ಕಲ್ಲಿಗೆ ಕಾಯಿ ಒಡೆದು, ಅಲ್ಲೇ ಕೂತು ಬೇಸಿಗೆಯ ಪಾಳಿ ಹಾಕುವುದು ನಮ್ಮಲ್ಲಿ ವಾಡಿಕೆ. ಈ ಸಲದ ಪಾಳಿಯಲ್ಲಿ ಟೀಚರ ಮನೆಯ ಪೈಪು ಕಿತ್ತು ಬಾಯಿ ಮುಚ್ಚುವುದೆಂದು ದೀಪಾವಳಿ ಹೊತ್ತಿಗೇ ಮಾತಾಗಿತ್ತು. ಬೋರ್ ಇದೆಯಲ್ಲ, ಅದರಲ್ಲೇ ಇರಲಿ ಎಂದು ತಮ್ಮ ಹೇಳಿದ. ಅವರ ಬೋರಿನಲ್ಲಿ ಬರುವುದು ಕೆಂಪು ನೀರು, ಅದೂ ಅರ್ಧ ಗಂಟೆ ಮಾತ್ರ ಎಂದು ಎಲ್ಲರಿಗೂ ಗೊತ್ತಿತ್ತು. ನಾನು ಹೂಂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ.

ಜನವರಿಯ ಒಂದು ಬೆಳಿಗ್ಗೆ ಮರ ಹತ್ತುವವರು ನಮ್ಮ ಮನೆಗೆ ಬಂದರು. "ಒಂದ್ಸಲ ಮೇಲೆ ಬನ್ನಿ. ಮಂಜು ಇರುವಾಗ್ಲೇ ಬನ್ನಿ," ಎಂದರು. ಕಾಫಿ ಕುಡಿಯಲೂ ನಿಲ್ಲಲಿಲ್ಲ.

ಅಪರೂಪಕ್ಕೆ ದಟ್ಟ ಮಂಜು ಬಿದ್ದಿತ್ತು. ಗುಡ್ಡ ಹತ್ತುವ ದಾರಿಯೆಲ್ಲ ಧೂಳು. ಮಳೆ ಕಂಡು ತಿಂಗಳುಗಳಾಗಿದ್ದವು. ಅಬ್ಬಿಗಿಂತ ಸ್ವಲ್ಪ ಮೇಲೆ, ನಾವು ಮುಟ್ಟದ ಮರಗಳ ಅಡಿಗೆ ನನ್ನನ್ನು ನಿಲ್ಲಿಸಿದರು. ಪಟ್ ಪಟ್ ಎಂದು ತೊಟ್ಟಿಕ್ಕುವ ಸದ್ದು ಸುತ್ತಲೂ. ಐದು ನಿಮಿಷದಲ್ಲಿ ನನ್ನ ಟೊಪ್ಪಿ ಒದ್ದೆಯಾಯಿತು, ಹೆಗಲು ಒದ್ದೆಯಾಯಿತು. ಕಾಲಡಿಯ ಎಲೆರಾಶಿ ಒತ್ತಿದರೆ ನೀರು ಮೇಲೆ ಬರುತ್ತಿತ್ತು. ಆಮೇಲೆ ಕೈ ಹಿಡಿದು ಹತ್ತು ಹೆಜ್ಜೆ ಕೆಳಗೆ, ಬೋಳಿಸಿದ ಮರಗಳ ಕೆಳಗೆ ತಂದರು. ಅದೇ ಮಂಜು ಅಲ್ಲೂ ಇತ್ತು. ಆದರೆ ತೆರೆದ ಕಿಟಕಿಯಿಂದ ಹೊಗೆ ಹೋದ ಹಾಗೆ ಯಾವುದಕ್ಕೂ ತಾಗದೆ ದಾಟಿ ಹೋಗುತ್ತಿತ್ತು. ನೆಲದಲ್ಲಿ ನನ್ನ ಹೆಜ್ಜೆಗೆ ಧೂಳು ಎದ್ದಿತು.

"ಅಲ್ಲಿ ಮಳೆ," ಎಂದರು ಅವರು. "ಇಲ್ಲಿ ಬರೀ ಮಂಜು."

ನಾನು ಹೇಳಿದ್ದೆನಲ್ಲ ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ವಾದ ಮಾಡಬಹುದಿತ್ತು.

ಆದರೂ ನಾನು ಒಂದೇ ನೋಟಕ್ಕೆ ನಂಬುವವನಲ್ಲ. ಒಂದೇ ಅಳತೆಯ ಎರಡು ಪೇಂಟ್ ಬಕೆಟ್ ಹೊತ್ತುಕೊಂಡು ಹೋಗಿ ಒಂದನ್ನು ಅಲ್ಲಿ, ಒಂದನ್ನು ಇಲ್ಲಿ ಇಟ್ಟೆ. ಮಂಗ ಕುಡಿದುಬಿಟ್ಟರೆ ಎಂದು ಕಲ್ಲು ಸುತ್ತಿಟ್ಟೆ. ಕಾಟಿ, ಅಂದರೆ ಕಾಡುಕೋಣ, ಒದ್ದುಬಿಟ್ಟರೆ ಎಂದು ಗೂಟ ಹೊಡೆದೆ. ಇಷ್ಟೆಲ್ಲ ಮಾಡಿದ್ದು ತಪ್ಪು ನನ್ನದಲ್ಲ ಎಂದು ಸಾಬೀತಾಗಲಿ ಎಂದೇ. ಮಂಜು ಬಿದ್ದ ಮರುದಿನಗಳಲ್ಲೆಲ್ಲ ಹತ್ತಿ ಹೋಗಿ ನೋಡಿದೆ. ಮೇಲಿನದರಲ್ಲಿ ಬೆರಳು ಮುಳುಗುವಷ್ಟು ನೀರು. ಕೆಳಗಿನದರಲ್ಲಿ ಒಂದು ಜೇಡ.

ಆ ವಾರದಲ್ಲಿ ಹೆಂಡತಿಗೆ ಹೇಳಿದೆ. ಅವಳು ಬಸಳೆ ಸೋಸುತ್ತಿದ್ದಳು, ತಲೆ ಎತ್ತಲಿಲ್ಲ.

"ಇದನ್ನ ಟೀಚರಿಗೆ ಹೇಳ್ತೀರಾ?"

"ನೋಡ್ಬೇಕು. ಸಮಯ ನೋಡಿ..."

"ಶಿವರಾತ್ರಿಗೆ ಅವರ ಪೈಪು ಕೀಳ್ತಾರೆ. ಕಿತ್ತ ಮೇಲೆ ಹೇಳಿ ಎಂತ ಮಾಡ್ತೀರಿ? ಬಕೆಟ್ ತೋರಿಸ್ತೀರಾ?"

ಶಿವರಾತ್ರಿ ಕಳೆದ ಭಾನುವಾರ ನಾವು ಮೂವರು ಮೊದಲು ತಲುಪಿದೆವು. ತಮ್ಮ ಪೈಪು ಕೊಯ್ಯುವ ಗರಗಸವನ್ನೂ ಬಾಯಿ ಮುಚ್ಚಲು ಒಂದು ಎಂಡ್ ಕ್ಯಾಪನ್ನೂ ಚೀಲದಲ್ಲಿ ತಂದಿದ್ದ. ಟೀಚರ್ ಸಾಮಾನ್ಯವಾಗಿ ಬರುವವರಲ್ಲ, ಮಂಡಿನೋವು. ಅವರ ಪರವಾಗಿ ಹೂಳು ತೆಗೆಯಲು ಆಳು ಕಳಿಸುತ್ತಿದ್ದರು. ಅವತ್ತು ಸ್ವತಃ ಬಂದರು. ಕೋಲು ಊರಿಕೊಂಡು, ನಿಂತು ನಿಂತು ಹತ್ತಿ, ಬಂದು ಕಲ್ಲಿನ ಮೇಲೆ ಕೂತು ಉಸಿರು ಸುಧಾರಿಸಿಕೊಂಡರು. ಅವರಿಗೂ ಸುದ್ದಿ ಮುಟ್ಟಿತ್ತು. ಕಾಯಿ ಒಡೆದೆವು. ಗರಗಸವನ್ನೂ ಕ್ಯಾಪನ್ನೂ ಚೀಲದಿಂದ ತೆಗೆದು ನನ್ನ ಪಕ್ಕ ಇಟ್ಟ ತಮ್ಮ, ಬೋರ್ ಇರುವವರು ಅಬ್ಬಿ ಬಿಟ್ಟುಕೊಡಬೇಕು ಅಂತ ಎಲ್ಲರ ಅಭಿಪ್ರಾಯ ಎಂದ. ಟೀಚರ ಮುಖ ನೋಡಿ ಹೇಳಲಿಲ್ಲ, ಕ್ಯಾಪ್ ನೋಡಿ ಹೇಳಿದ.

ನಾನು ಶುರು ಮಾಡಿದೆ. ಎಲ್ಲಿಂದ ಶುರು ಮಾಡಿದೆ ಎಂದರೆ ನಾಚಿಕೆಯಾಗುತ್ತದೆ: ಸಮುದ್ರದಿಂದ. ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ, ಮೋಡ ಮೇಲಕ್ಕೆ ಸರಿಯುತ್ತಿದೆ, ಜಗತ್ತಿನಲ್ಲಿ ಇಂಥ ಕಾಡುಗಳಿಗೆಲ್ಲ...

"ಭಾಷಣ ಬೇಡ ಮಾರಾಯ," ಎಂದ ತಮ್ಮ. "ಬಿಸಿಲು ಏರ್ತದೆ. ಆ ಗರಗಸ ಇತ್ತ ಕೊಡು."

ಗರಗಸ ನನ್ನ ಹತ್ತಿರವಿತ್ತು. ಕೊಡಲಿಲ್ಲ.

"ಬೋರಿನಿಂದ ಅಲ್ಲ," ಎಂದೆ. "ಈ ಮರಗಳ ತಲೆ ಬೋಳಿಸಿದ್ದು ನಾನು. ಎಲೆ ಬೀಳ್ತದೆ ಅಂತ. ಈ ಕಾನು ಮಂಜು ಹಿಡಿದು ನೀರು ಮಾಡ್ತದೆ. ನಾನು ಕಡಿಸಿದೆ, ನೀರು ಕಡಿಮೆ ಆಯ್ತು. ನನಗೆ ಹೋದ ಬೇಸಿಗೆಯಿಂದಲೇ ಅನುಮಾನ ಇತ್ತು."

"ಕತ್ತಿ ನಂದು," ಎಂದರು ಮರ ಹತ್ತುವವರು, ಯಾರೂ ಕೇಳದಿದ್ದರೂ.

"ನೀವು ಬೇಡ ಅಂದಿದ್ರಿ," ಎಂದೆ.

"ಬೇಡ ಅಂದವ ಹತ್ತಬಾರದಿತ್ತು."

ತಮ್ಮ ನನ್ನನ್ನು ನೋಡಿದ, ಬೋಳು ಮರಗಳನ್ನು ನೋಡಿದ. "ಮತ್ತೆ ಆ ಪೇಪರಲ್ಲಿ ಬರೆದದ್ದು? ಕಂಬಳಿ?" ಎಂದ. "ಎಂತ ಜನ ಮಾರಾಯ ನೀನು! ಊರಿಗೆಲ್ಲ ನಿನ್ನ ಕಂಬಳಿ ಹೊದೆಸಿದೆನಲ್ಲ ನಾನು!"

ಟೀಚರ್ ಕೋಲಿನ ತುದಿಯಿಂದ ನೆಲ ಕೆದಕುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ಪಾಠ ತಪ್ಪಿದವನನ್ನು ಕೇಳುವ ದನಿಯಲ್ಲಿ ಅಲ್ಲ, ನಿಜಕ್ಕೂ ತಿಳಿಯಬೇಕೆಂದು ಕೇಳಿದರು:

"ಹೋದ ಏಪ್ರಿಲ್‌ನಲ್ಲಿ ನಾನು ಬೋರ್ ಬಂದ್ ಮಾಡಿ ನೋಡಿದ್ದೆ. ಒಂದು ತಿಂಗಳು. ನನ್ನಿಂದ ಹೌದಾ ಅಂತ ತಿಳ್ಕೊಳ್ಳಲಿಕ್ಕೆ. ಹಳ್ಳದಿಂದ ಕೊಡದಲ್ಲಿ ಹೊತ್ತೆ. ಅಬ್ಬಿ ನೀರು ಹೆಚ್ಚಾಗ್ಲಿಲ್ಲ. ಆದ್ರೂ ನಿಮ್ಮಷ್ಟು ತಿಳಿದವ್ರು ಹೇಳಿದ್ರಲ್ಲ, ನನ್ನಿಂದಲೇ ಇರ್ಬೇಕು ಅಂದ್ಕೊಂಡೆ. ಆಗ ನಿಮಗೆ ಅನುಮಾನ ಇತ್ತಾ?"

"ಇತ್ತು."

"ಸರಿ," ಎಂದರು.

ಹಳ್ಳ ಅವರ ಮನೆಯಿಂದ ಎಷ್ಟು ಕೆಳಗೆ ಎಂದು ನಮಗೆಲ್ಲ ಗೊತ್ತು. ವಾಪಸು ಬರುವುದು ಪೂರ್ತಿ ಏರು. ಅವರು ಹೊರುವುದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಕಾಣದ ಹಾಗೆ ಹೊತ್ತಿರಬೇಕು, ಅಥವಾ ನಾವು ಹುಳ ಹುಡುಕುತ್ತಿದ್ದೆವು. ತಮ್ಮ ಎಂಡ್ ಕ್ಯಾಪನ್ನು ಚೀಲಕ್ಕೆ ಹಾಕಿದ. ಚೀಲದ ಬಾಯಿ ಕಟ್ಟಲು ಅವನಿಗೆ ಬಹಳ ಹೊತ್ತು ಬೇಕಾಯಿತು.

ಆಮೇಲಿನ ಮಾತು ದೊಡ್ಡ ತೀರ್ಮಾನದ ಹಾಗೇನೂ ಇರಲಿಲ್ಲ. ಚೌಡಿ ಕಲ್ಲಿನಿಂದ ಮೇಲಕ್ಕೆ ಇನ್ನು ಮುಂದೆ ಕತ್ತಿ ಒಯ್ಯುವುದಿಲ್ಲ ಎಂದು ನಾನು ಹೇಳಿದೆ. ಸೊಪ್ಪಿಗೂ ಇಲ್ಲ, ಸೌದೆಗೂ ಇಲ್ಲ. ಬೋಳಿಸಿದ ಮರಗಳು ಚಿಗುರಿವೆ. ಆದರೆ ಹಾವಸೆ ಕೊಂಬೆ ಹಿಡಿದು ಮೊದಲಿನ ದಪ್ಪ ಆಗಲು ಎಷ್ಟು ವರ್ಷ ಬೇಕು ಎಂದು ಕೇಳಿದ್ದಕ್ಕೆ ಮರ ಹತ್ತುವವರು ತಲೆಯಾಡಿಸಿದರು. "ನಾನಂತೂ ಕಾಣೆ. ನೀವೂ ಕಾಣ್ಲಿಕ್ಕಿಲ್ಲ," ಎಂದರು. ಅದೂ ಮಂಜು ಇಷ್ಟು ಕೆಳಗೆ ಬರುವುದನ್ನು ನಿಲ್ಲಿಸದಿದ್ದರೆ. ಮರ ಇದ್ದು ಮಂಜೇ ಬರದಿದ್ದರೆ? ಈ ಚಿಂತೆಗೆ ಹತ್ತಿ ಇಳಿಯುವ ದಾರಿಯೂ ಇಲ್ಲ.

ತಮ್ಮನ ಪಾಲಿನ ಬೆಟ್ಟ ಪಕ್ಕದಲ್ಲೇ ಇದೆ. ಅವನು ಆ ಕಡೆ ನೋಡುತ್ತ ಕೂತಿದ್ದ. "ಅಲ್ಲಿ ಈ ಮಳೆಗೆ ಕಾಫಿ ಇಡುವ ಅಂತ ಇದ್ದೆ," ಎಂದ. "ಅಡಿಕೆ ಕಥೆ ಮುಗೀತು. ನನಗೆ ಬೇರೆ ಎಂತ ಉಂಟು, ನೀನೇ ಹೇಳು." ಹೇಳುವ ಯೋಗ್ಯತೆ ಆ ದಿನ ನನಗಿರಲಿಲ್ಲ. ನನ್ನ ಕಾಫಿ ತೋಟವೂ ಅಪ್ಪನ ಕಾಲಕ್ಕಿಂತ ಮುಂಚೆ ಕಾಡೇ ಆಗಿತ್ತಲ್ಲ. ಕೊನೆಗೆ ಅವನೇ, "ಈ ವರ್ಷ ಇಡೂದಿಲ್ಲ," ಎಂದ. ಮುಂದಿನ ವರ್ಷದ ಮಾತು ಅವನೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಪಾಳಿ ಹಾಕುವಾಗ ನಮ್ಮ ಮನೆಯನ್ನು ಮೊದಲಿನಿಂದ ತೆಗೆದು ಕೊನೆಗೆ ಇಡಿ ಎಂದೆ. ಯಾರೂ ಔಪಚಾರಿಕವಾಗಿ ಕೂಡ ಬೇಡ ಅನ್ನಲಿಲ್ಲ. ನಾನು ಸ್ವಲ್ಪ ನಿರೀಕ್ಷಿಸಿದ್ದೆ. ಟೀಚರ್ ಇಳಿಯುವಾಗ ನಾನು ಕೈ ನೀಡಿದೆ; ಅವರು ಮರ ಹತ್ತುವವರ ಹೆಗಲು ಹಿಡಿದು ಇಳಿದರು.

ಈಗ ಏಪ್ರಿಲ್. ಹೋದ ವರ್ಷದ ಹಾಗೇ ನೀರು ಸಣ್ಣದಾಗಿದೆ. ನಮ್ಮ ಪಾಳಿ ಟೀಚರ ಮನೆಯ ನಂತರ. ದಿನಾ ಮಧ್ಯಾಹ್ನ ಮೂರರ ಹೊತ್ತಿಗೆ ಅವರ ಫೋನು ಬರುತ್ತದೆ. "ನಮ್ಮದು ಆಯ್ತು. ವಾಲ್ವ್ ಮುಚ್ಚಿದ್ದೇನೆ." ಅಷ್ಟೇ. ನಾನು "ಆಯ್ತು ಟೀಚರೇ" ಎನ್ನುವುದರೊಳಗೆ ಇಟ್ಟಿರುತ್ತಾರೆ. ಅವರು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಅದು ಅವರಿಗೂ ಗೊತ್ತಿರಬಹುದು.

ನಿನ್ನೆ ಬೆಳಿಗ್ಗೆ ಗುಡ್ಡದ ನೆತ್ತಿಯಲ್ಲಿ ಮಂಜು ಕೂತಿತ್ತು. ಬಹಳ ಹೊತ್ತು ಕೂತಿತ್ತು. ಮಧ್ಯಾಹ್ನ ಅವರು ಆಯ್ತು ಎಂದ ಕೂಡಲೇ ನಾನು ಅವಸರದಲ್ಲಿ, "ಇವತ್ತು ಮೇಲೆ ಮಂಜು ಇತ್ತು," ಎಂದುಬಿಟ್ಟೆ.

"ನೋಡಿದೆ," ಎಂದರು ಟೀಚರ್.

ಆಮೇಲೂ ಸ್ವಲ್ಪ ಹೊತ್ತು ಫೋನು ಇಡಲಿಲ್ಲ. ಆಮೇಲೆ ಇಟ್ಟರು. ನಾನು ಹೋಗಿ ನಮ್ಮ ವಾಲ್ವ್ ತೆರೆದೆ.